ಹಲ್ಲು ಹಲ್ಲಾದ ಅಕ್ಷರಗಳು

ನಮ್ಮ ಅಂಗಡಿಯ ಮುಂದಿನ ಚರಂಡಿಯ ಚಪ್ಪಡಿ ಕೆಂಪಗಿದೆ. ತಂದು ಹಾಸಿದಾಗ ಅದು ಬೂದು ಬಣ್ಣದ ಕಲ್ಲಾಗಿತ್ತು. ಕೆಂಪು ಮಾಡಿದವರು ನನ್ನ ಭಾವ, ಅಂದರೆ ನನ್ನ ಗಂಡನ ಅಣ್ಣ.

ನ್ಯಾಮತಿಯ ಬಸ್ ನಿಲ್ದಾಣದಿಂದ ಸ್ವಲ್ಪ ಈಚೆಗೆ ಭಾವ ಮತ್ತು ನಾನು ಸೇರಿ ಒಂದು ರೇಡಿಯಂ ಅಂಗಡಿ ನಡೆಸುತ್ತೇವೆ. ರೇಡಿಯಂ ಎಂದರೆ ಗಾಡಿಯ ಮೇಲೆ, ಅಂಗಡಿಯ ಗಾಜಿನ ಮೇಲೆ ಅಂಟಿಸುವ ಬಣ್ಣದ ಹಾಳೆ. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ ಮಷೀನಿನಲ್ಲಿ ಕತ್ತರಿಸುವುದು ನನ್ನ ಕೆಲಸ. ಬೇಡದ ಭಾಗ ಕಿತ್ತು ತೆಗೆದು, ಉಳಿದ ಅಕ್ಷರವನ್ನು ಗಾಳಿ ಸೇರದ ಹಾಗೆ ಅಂಟಿಸುವುದು ಭಾವನ ಕೆಲಸ. ಅವರು ಮೊದಲು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದವರು. ಬರೆಯುವ ಕೆಲಸ ನಿಂತು ಹೋದ ಮೇಲೆ, ಚನ್ನಗಿರಿಯ ತವರಿನಲ್ಲಿದ್ದಾಗ ನಾನು ಕಲಿತಿದ್ದ ಕಂಪ್ಯೂಟರು ನೆನಪಾಗಿ, ಮನೆಯವರೆಲ್ಲ ಸೇರಿ ನಮ್ಮಿಬ್ಬರನ್ನು ಒಂದೇ ಅಂಗಡಿಯಲ್ಲಿ ಕೂರಿಸಿದರು. ನನ್ನ ಗಂಡ ಖಾಸಗಿ ಬಸ್ಸಿನ ಕಂಡಕ್ಟರು. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹಾಗಾಗಿ ಇಡೀ ದಿನ ಭಾವನ ಜೊತೆ, ಭಾವನ ಬಾಯಿಯ ಜೊತೆ ಕಳೆಯಬೇಕಾದವಳು ನಾನು.

ನನಗೆ ಹೇಸಿಗೆ ಬೇಗ. ಚಿಕ್ಕವಳಿದ್ದಾಗ ಬೇರೆಯವರ ಮನೆಯ ಲೋಟದಲ್ಲಿ ನೀರು ಕುಡಿಯುವ ಮುಂಚೆ ಅದರ ಅಂಚು ನೋಡುತ್ತಿದ್ದೆ, ಅಮ್ಮ ತೊಡೆ ಚಿವುಟುತ್ತಿದ್ದಳು. ಅಂಥವಳು ಗುಟ್ಕಾ ಹಾಕುವವರ ಎದುರು ಕೂತು ದುಡಿಯಬೇಕಾಯಿತು. ಭಾವ ಎರಡು ಪಾಕೀಟು ಹರಿದು, ಒಂದರದ್ದನ್ನು ಇನ್ನೊಂದಕ್ಕೆ ಸುರಿದು, ಹೆಬ್ಬೆರಳಿನಿಂದ ಹೊರಗಿನಿಂದಲೇ ತಿಕ್ಕಿ, ತಲೆ ಹಿಂದಕ್ಕೆ ವಾಲಿಸಿ, ಪಾಕೀಟಿನ ಬೆನ್ನು ತಟ್ಟಿ ತಟ್ಟಿ ಬಾಯಿಗೆ ಬೀಳಿಸಿಕೊಳ್ಳುತ್ತಿದ್ದರು. ಆಮೇಲೆ ಮಾತಾಡಬೇಕಾದರೆ ಕೆಳತುಟಿಯನ್ನು ಬಟ್ಟಲಿನಂತೆ ಮುಂದೆ ಚಾಚಿ, ಒಳಗಿನದು ತುಳುಕದ ಹಾಗೆ ಮಾತಾಡುತ್ತಿದ್ದರು. "ಅಳತೆ ಎಷ್ಟು" ಎಂದು ಕೇಳಿದರೆ ನನಗೆ ಕೇಳಿಸುತ್ತಿದ್ದುದು "ಅಲಥೆ ಎಶ್ತು". ಗಿರಾಕಿಗಳಿಗೆ ಅದು ಅರ್ಥವಾಗುತ್ತಿತ್ತು. ಅವರ ಬಾಯಲ್ಲೂ ಅದೇ ಇರುತ್ತಿತ್ತು.

ಬಾಗಿಲ ಚೌಕಟ್ಟಿನ ಕೆಳಗೆ ಕೆಂಪು ಹನಿಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತಿದ್ದವು. ಅಕ್ಷರ ಎತ್ತುವ ಅಂಟುಪಟ್ಟಿಯ ಮೇಲೆ ಅವರ ಹೆಬ್ಬೆರಳಿನ ಗುರುತು ಕೆಂಪಗೆ ಕೂತಿರುತ್ತಿತ್ತು. ಮೂಲೆಯಲ್ಲೊಂದು ಬಣ್ಣದ ಡಬ್ಬಿ ಇತ್ತು. ಮಳೆ ಬಂದಾಗ ಹೊರಗೆ ಹೋಗಲು ಬೇಸರವಾದರೆ ಅದಕ್ಕೇ ಉಗುಳುತ್ತಿದ್ದರು. ಅದನ್ನು ಚೆಲ್ಲುವುದು ಮಾತ್ರ ಅವರಿಗೆ ನೆನಪಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಕಾಲು ತಾಗಿ ಅದು ಉರುಳಿತು. ಆ ದಿನ ನಾನು ಅಂಗಡಿ ನಡೆಸಲಿಲ್ಲ. ಫಿನೈಲು ಸುರಿದು ತೊಳೆದು, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ.

ಆದರೂ ಕೆಲಸ ಚೆನ್ನಾಗಿ ನಡೆಯುತ್ತಿತ್ತು. ನ್ಯಾಮತಿ ತಾಲ್ಲೂಕು ಆದ ಮೇಲೆ ಅಂಗಡಿಯವರೆಲ್ಲ ಬೋರ್ಡಿನ ಮೇಲಿನ "ಹೊನ್ನಾಳಿ ತಾ." ಎಂಬುದನ್ನು ಮುಚ್ಚಿ "ನ್ಯಾಮತಿ ತಾ." ಎಂದು ಅಂಟಿಸಿಕೊಳ್ಳಲು ಬರುತ್ತಿದ್ದರು. ಸವಳಂಗದ ಕಡೆಯಿಂದ ಟ್ರ್ಯಾಕ್ಟರಿನವರು, ಬೈಕಿನವರು ಬರುತ್ತಿದ್ದರು. ಮಷೀನನ್ನು ಜಗಳೂರಿನ ಒಬ್ಬರಿಂದ ಹಳೆಯದನ್ನೇ ಕೊಂಡಿದ್ದೆವು. ಅವರು ರೇಡಿಯಂ ಬಿಟ್ಟು ಫ್ಲೆಕ್ಸ್ ಹಿಡಿದಿದ್ದರು. ಹಳೆಯದಾದರೂ ಅಕ್ಷರಗಳನ್ನು ಬೆಣ್ಣೆಯಲ್ಲಿ ಕೊಯ್ದ ಹಾಗೆ ಕೊಯ್ಯುತ್ತಿತ್ತು.

ತೊಂದರೆ ಶುರುವಾದದ್ದು ಹೊನ್ನಾಳಿಯ ಬಳೆ ವ್ಯಾಪಾರಿಯೊಬ್ಬರ ಕೆಲಸದಿಂದ. ಅವರು ವಯಸ್ಸಾದ ಸಾಹೇಬರು, ಹೊಸದಾಗಿ ಗಾಜಿನ ಮುಂಭಾಗದ ಅಂಗಡಿ ಮಾಡಿದ್ದರು. "ಮದುವೆ ಬಳೆಗಳು ಇಲ್ಲಿ ಸಿಗುತ್ತವೆ" ಎಂದು ಗಾಜಿನ ತುಂಬ ದೊಡ್ಡದಾಗಿ ಬರಬೇಕಿತ್ತು, ಬಂಗಾರದ ಬಣ್ಣದಲ್ಲಿ. ಭಾವ ಹಿಂದೆ ಕುಂಚದಲ್ಲಿ ಬರೆಯುತ್ತಿದ್ದಂಥ ಅಕ್ಷರವೇ ಬೇಕು ಎಂದರು. ಭಾವ ಹಾಳೆಯ ಮೇಲೆ ಬರೆದುಕೊಟ್ಟರು, ನಾನು ಅದನ್ನು ಕಂಪ್ಯೂಟರಿಗೆ ಇಳಿಸಿ ಕತ್ತರಿಸಿದೆ. ಸಾಹೇಬರು ಅಕ್ಷರಗಳನ್ನು ಅಂಗಡಿಗೇ ಬಂದು ನೋಡಿದರು.

ಅವರು "ಳ" ಅಕ್ಷರದ ಸುತ್ತ ಬೆರಳು ಓಡಿಸಿದರು. ಆಮೇಲೆ ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿದರು.

"ಇದೇನಮ್ಮ, ಇಲಿ ಕಡಿದಂಗೈತಲ್ಲ."

ನಾನೂ ನೋಡಿದೆ. ದೂರದಿಂದ ಸರಿಯಾಗಿಯೇ ಕಾಣುತ್ತಿತ್ತು. ಹತ್ತಿರದಿಂದ ಅಂಚಿನ ತುಂಬ ಹಲ್ಲು ಹಲ್ಲು. ತಿರುವು ಬಂದ ಕಡೆಯೆಲ್ಲ ಬ್ಲೇಡು ಎಡವಿ ಎಡವಿ ಹೋದ ಹಾಗಿತ್ತು.

"ಅಂಟಿಸಿದ ಮೇಲೆ ಕಾಣಲ್ಲ ಬಿಡ್ರಿ" ಎಂದರು ಭಾವ, ತುಟಿ ಬಟ್ಟಲು ಮಾಡಿಕೊಂಡು.

"ನಾನು ಬಳೆ ಮಾರೋನು" ಎಂದರು ಸಾಹೇಬರು. "ಗುಂಡಗಿರೋದು ಗುಂಡಗೈತೋ ಇಲ್ಲೋ ಕಣ್ಣು ಮುಚ್ಕೊಂಡು ಹೇಳ್ತೀನಿ. ನನ್ನ ಗಾಜಿನ ಮೇಲೆ ಇದು ಬ್ಯಾಡ. ಸರಿ ಮಾಡಿ ಕೊಡ್ರಿ, ಕಾಯ್ತೀನಿ."

ಬಂಗಾರದ ರೇಡಿಯಂ ಅಷ್ಟೂ ಕಸವಾಯಿತು.

ಮೊದಲು ಬ್ಲೇಡು ಬದಲಿಸಿದೆ. ಬ್ಲೇಡೆಂದರೆ ಬೆಂಕಿಕಡ್ಡಿಗಿಂತ ಸಣ್ಣದು, ತುದಿಯಲ್ಲಿ ಓರೆಯಾದ ಮೊನೆ ಇರುತ್ತದೆ. ಹೋಲ್ಡರ್ ಎನ್ನುವ ಬೆರಳುದ್ದದ ಲೋಹದ ಕೊಳವೆಯ ಕೆಳಗಿನಿಂದ ಮೊನೆ ಮಾತ್ರ ಹೊರಗೆ ಚಾಚುವಂತೆ ಅದನ್ನು ಸಿಕ್ಕಿಸಬೇಕು. ಹೊಸ ಬ್ಲೇಡು ಹಾಕಿದರೂ ಅದೇ ಹಲ್ಲು. ಒತ್ತಡ ಹೆಚ್ಚಿಸಿದೆ. ಬ್ಲೇಡು ಕೆಳಗಿನ ಕಾಗದವನ್ನೂ ಸೀಳಿತು. ಕಡಿಮೆ ಮಾಡಿದರೆ ಅಕ್ಷರ ಏಳದೆ ಅಂಟಿಕೊಂಡೇ ಉಳಿಯಿತು. ವೇಗ ಇಳಿಸಿ ಆಮೆಯ ಹಾಗೆ ಓಡಿಸಿದೆ. ಹಲ್ಲುಗಳು ಸ್ವಲ್ಪ ದೂರ ದೂರ ಬಿದ್ದವು, ಅಷ್ಟೇ ವ್ಯತ್ಯಾಸ. ಭಾವ ಬರೆದ ಅಕ್ಷರವನ್ನು ಕಂಪ್ಯೂಟರಿಗೆ ಇಳಿಸುವಾಗ ನಾನೇ ಅಂಚು ಕೆಡಿಸಿರಬಹುದು ಎಂದುಕೊಂಡು, ಒಂದು ಚೌಕ ಮತ್ತು ಒಂದು ವೃತ್ತ ಮಾತ್ರ ಹಾಕಿ ಕತ್ತರಿಸಿದೆ. ಚೌಕದ ಗೆರೆಗಳು ನೆಟ್ಟಗಿದ್ದವು, ಮೂಲೆಗಳು ಮಾತ್ರ ಕೊಕ್ಕೆಯಂತೆ ಹೊರಳಿಕೊಂಡಿದ್ದವು. ವೃತ್ತ ಸೋಡಾ ಬಾಟಲಿಯ ಮುಚ್ಚಳದಂತೆ ಬಂತು. ಹೊರಟ ಜಾಗಕ್ಕೆ ಬಂದು ಸೇರಲೂ ಇಲ್ಲ.

ರೇಡಿಯಮ್ಮೇ ಕಳಪೆ ಇರಬಹುದು ಎಂದು ಬೇರೆ ಅಂಗಡಿಯ ಸುರುಳಿ ತರಿಸಿದೆ. ಬ್ಲೇಡಿನ ಕೆಳಗೆ ಉದ್ದಕ್ಕೆ ಒಂದು ಬಿಳಿ ಪಟ್ಟಿ ಇರುತ್ತದೆ, ಅದರಲ್ಲಿ ಗೀರು ಬಿದ್ದರೂ ಹೀಗಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅದನ್ನೂ ಬದಲಿಸಿದೆ. ಹಳೆಯ ಪಟ್ಟಿ ಕಿತ್ತಾಗ ಅದರಡಿ ಸತ್ತ ಜಿರಳೆಯ ಅರ್ಧ ದೇಹ, ರೇಡಿಯಂ ಚೂರು, ಕೂದಲು, ಎಲ್ಲ ಸೇರಿ ಒಂದು ಜಿಡ್ಡಿನ ಹಗ್ಗವಾಗಿತ್ತು. ಇಕ್ಕಳದಲ್ಲಿ ಹಿಡಿದು ಎಳೆದು ಹೊರಗೆ ಎಸೆದೆ. ಇದೇ ಕಾರಣವಿರಬೇಕು ಎಂದು ಒಂದು ಗಳಿಗೆ ಖುಷಿಯಾಯಿತು. ಮತ್ತೆ ವೃತ್ತ ಹಾಕಿದೆ. ಮತ್ತೆ ಸೋಡಾ ಮುಚ್ಚಳ.

ಜಗಳೂರಿನವರಿಗೆ ಫೋನು ಮಾಡಿದೆ. "ಮಷೀನು ಕೊಡೋವಾಗ ಚೆನ್ನಾಗಿತ್ತಲ್ರಿ" ಎನ್ನುವುದೇ ಅವರ ಮೊದಲ ಮಾತು. ಆಮೇಲೆ "ತಂದು ತೋರಿಸ್ರಿ. ಆದ್ರೆ ಹೋಲ್ಡರ್ ಬಿಚ್ಚಿ ಅಲ್ಲೇ ಇಟ್ಟು ಬರ್ರಿ. ಬಸ್ಸಿನ ಕುಲುಕಾಟಕ್ಕೆ ಬ್ಲೇಡು ತಾಗಿ ಪಟ್ಟಿ ಹರೀತೈತೆ" ಎಂದರು. ನಾನು ಹೋಲ್ಡರ್ ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟೆ.

ಗಂಡನ ಬಸ್ಸಿನಲ್ಲೇ ದಾವಣಗೆರೆವರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಜಗಳೂರಿಗೆ ಹೋದೆ. ಮಷೀನಿಗೆ ಹಳೆಯ ಬೆಡ್‌ಶೀಟು ಸುತ್ತಿ, ಉದ್ದಕ್ಕೆ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದೆ. ಎರಡನೇ ಬಸ್ಸಿನ ಕಿಟಕಿಯ ಗಾಜು ಮೇಲಿನಿಂದ ಕೆಳಗಿನವರೆಗೆ ಕೆಂಪು ಗೆರೆಗಳಿಂದ ತುಂಬಿತ್ತು. ಸೆಕೆ ತಡೆಯದೆ ಕಿಟಕಿ ಸರಿಸಿದೆ. ಮುಂದಿನ ಸೀಟಿನವರು ತಲೆ ಹೊರಗೆ ಹಾಕಿದ್ದು ಕಂಡಿತು. ಮುಖ ತಿರುಗಿಸುವಷ್ಟರಲ್ಲಿ ಗಾಳಿ ಅದನ್ನು ತಂದು ನನ್ನ ಕೆನ್ನೆಯ ಮೇಲೆ, ಬೆಡ್‌ಶೀಟಿನ ಮೇಲೆ ಎರಚಿತು. ಬೆಚ್ಚಗಿತ್ತು. ಅದು ಬೆಚ್ಚಗಿತ್ತು ಎನ್ನುವುದನ್ನು ನಾನು ಇವತ್ತಿಗೂ ಮರೆತಿಲ್ಲ.

"ಏನ್ರಿ ಇದು, ಹಿಂದೆ ಜನ ಕೂತಾರೆ ಅಂತ ಗೊತ್ತಾಗಲ್ವಾ?" ಎಂದೆ.

ಅವರು ತಿರುಗಿ ನೋಡಿ "ಗಾಳಿ ಈ ಕಡೆ ಐತೆ ಅಂತ ಗೊತ್ತಾಗ್ಲಿಲ್ಲಮ್ಮ" ಎಂದರು. ತಮ್ಮ ಟವೆಲ್ಲು ಚಾಚಿದರು. ಆ ಟವೆಲ್ಲಿನ ಬಣ್ಣ ನೋಡಿ ಬೇಡ ಎಂದೆ. ಸೆರಗಿನಲ್ಲೇ ಕೆನ್ನೆ ಉಜ್ಜಿ, ಆ ಸೆರಗನ್ನು ಮೈಯಿಂದ ದೂರ ಹಿಡಿದುಕೊಂಡೇ ಜಗಳೂರು ತಲುಪಿದೆ.

ಜಗಳೂರಿನವರು ನನ್ನನ್ನು ಕೂರಿಸಿ, ಮುಖ ತೊಳೆಯಲು ನೀರು ಕೊಟ್ಟು, ಮಷೀನಿಗೆ ತಮ್ಮ ಹತ್ತಿರ ಉಳಿದಿದ್ದ ಒಂದು ಹೋಲ್ಡರ್ ಸಿಕ್ಕಿಸಿ ವೃತ್ತ ಕತ್ತರಿಸಿದರು. ಹುಣ್ಣಿಮೆಯ ಹಾಗೆ ದುಂಡಗೆ ಬಂತು. ನನ್ನ ಕಡತದಿಂದ ಸಾಹೇಬರ "ಳ" ತೆಗೆದು ಕತ್ತರಿಸಿದರು. ಅದೂ ನುಣ್ಣಗೆ ಬಂತು.

"ಏನೂ ಆಗಿಲ್ಲ ರೀ ಇದಕ್ಕೆ. ನೀವು ಸೆಟ್ಟಿಂಗ್ ಏನೋ ತಪ್ಪು ಮಾಡ್ತಿದೀರಿ" ಎಂದರು.

ಇಷ್ಟು ದೂರ ಬಂದು, ಎಂಜಲು ಮುಖಕ್ಕೆ ಬಳಿಸಿಕೊಂಡು, ಕಡೆಗೆ ತಪ್ಪು ನಿನ್ನದೇ ಎನಿಸಿಕೊಂಡು ವಾಪಸು ಹೊರಟೆ. ಅವರು ಇಟ್ಟಿದ್ದ ಒತ್ತಡ, ವೇಗ, ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದೆ. ಮರುದಿನ ಅಂಗಡಿಯಲ್ಲಿ ಹಾಗೇ ಇಟ್ಟು, ಡ್ರಾಯರಿನಿಂದ ಹೋಲ್ಡರ್ ತೆಗೆದು ಸಿಕ್ಕಿಸಿ ಕತ್ತರಿಸಿದೆ. ಹಲ್ಲು ಹಲ್ಲು.

ಕುರ್ಚಿಯಲ್ಲಿ ಕೂತು ಸುಮ್ಮನೆ ಮಷೀನನ್ನೇ ನೋಡಿದೆ. ಜಗಳೂರಿನಲ್ಲಿ ಸರಿ ಇತ್ತು, ಇಲ್ಲಿ ಸರಿ ಇಲ್ಲ. ಮಷೀನು ಅದೇ, ಅಕ್ಷರ ಅದೇ, ಸೆಟ್ಟಿಂಗ್ ಅದೇ. ನಾನು ಬಸ್ಸಿನಲ್ಲಿ ಕೊಂಡೊಯ್ಯದೆ ಇಲ್ಲೇ ಬಿಟ್ಟು ಹೋದದ್ದು ಹೋಲ್ಡರ್ ಒಂದೇ. ಬ್ಲೇಡು ಬದಲಿಸುವಾಗಲೆಲ್ಲ ಅದರ ತುದಿಯಿಂದ ಬ್ಲೇಡು ಎಳೆದು ಇನ್ನೊಂದು ನೂಕುತ್ತಿದ್ದೆನೇ ಹೊರತು, ಕೊಳವೆಯೊಳಗೆ ಏನಿದೆ ಎಂದು ಯಾವತ್ತೂ ನೋಡಿರಲಿಲ್ಲ.

ಬಿಳಿ ಹಾಳೆ ಹಾಸಿ ಅದರ ಮೇಲೆ ಹೋಲ್ಡರ್ ಬಿಚ್ಚಿದೆ. ಬ್ಲೇಡು ಅದರೊಳಗೆ ಬುಗುರಿಯ ಹಾಗೆ ಸರಾಗವಾಗಿ ತಿರುಗಬೇಕು. ತಿರುವು ಬಂದಾಗ ಮೊನೆ ತಾನೇ ಹೊರಳಿಕೊಂಡರೆ ಮಾತ್ರ ಅಂಚು ನುಣ್ಣಗೆ ಬರುತ್ತದೆ. ನಮ್ಮದು ಹೊರಳುತ್ತಲೇ ಇರಲಿಲ್ಲ. ಚಿಮುಟದಲ್ಲಿ ಹಿಡಿದು ಎಳೆದರೆ ಪಚಕ್ ಎಂದು ಬಂತು. ಹಿಂದೆಯೇ ಕೊಳವೆಯಿಂದ ಕಂದುಗೆಂಪು ಲೋಳೆ ಹಾಳೆಯ ಮೇಲೆ ಇಳಿಯಿತು. ಅದರಲ್ಲಿ ಮರಳಿನಂಥ ಕಾಳುಗಳಿದ್ದವು. ಒಂದು ಅಡಿಕೆಯ ಚೂರು ಇತ್ತು, ಉಗುರಿನ ತುಂಡಿನಷ್ಟು. ವಾಸನೆ ಮೇಲೆ ಬಂತು. ಸಿಹಿ, ಸುಣ್ಣ, ಅತ್ತರು, ಕೊಳೆತ ಹಲ್ಲು. ಅದನ್ನು ಗುರುತಿಸಲು ನಾನು ಬಗ್ಗಬೇಕಾಗಿರಲಿಲ್ಲ, ವರ್ಷಗಳಿಂದ ಅದರ ಎದುರೇ ಕೂತಿದ್ದೆ.

ಹಿಂದಿನ ನಲ್ಲಿಯ ಹತ್ತಿರ ಓಡಿ ಹೋಗಿ ವಾಂತಿ ಮಾಡಿದೆ. ಈ ಬೆರಳುಗಳಿಂದ ಎಷ್ಟು ಸಲ ಆ ಹೋಲ್ಡರ್ ಹಿಡಿದಿದ್ದೆ, ಹಿಡಿದ ಕೈಯಲ್ಲೇ ಎಷ್ಟು ಸಲ ಡಬ್ಬಿ ತೆರೆದು ರೊಟ್ಟಿ ಮುರಿದಿದ್ದೆ ಎಂದು ನೆನೆದು ಇನ್ನೊಂದು ಸಲ ಮಾಡಿದೆ.

ಮುಖ ತೊಳೆದು ಒಳಗೆ ಬಂದಾಗ ಭಾವ ಬಂದಿದ್ದರು. ಮಷೀನಿನ ಮೇಲೆ ಬಗ್ಗಿ ನಿಂತಿದ್ದರು. ಹೋಲ್ಡರ್ ಕೂರುವ ಜಾಗದಲ್ಲಿ ರೇಡಿಯಂ ಚೂರೊಂದು ಸಿಕ್ಕಿತ್ತು. ಅವರು ತುಟಿ ಚೂಪು ಮಾಡಿ ಉಫ್ ಎಂದು ಊದಿದರು. ಬಾಗಿಲಿಂದ ಬೀಳುತ್ತಿದ್ದ ಬಿಸಿಲಿನಲ್ಲಿ ಸಣ್ಣ ಸಣ್ಣ ಕೆಂಪು ಹನಿಗಳು ಹಾರುವುದು ನನಗೆ ಸ್ಪಷ್ಟವಾಗಿ ಕಂಡಿತು. ಬೋರ್ಡು ಬರೆಯುವ ಕಾಲದ ಅಭ್ಯಾಸ ಅದು. ಕುಂಚ ಇಡುವ ಮುಂಚೆ ಧೂಳು ಊದುವುದು. ದಿನಕ್ಕೆ ಅದೆಷ್ಟು ಸಲ ಊದುತ್ತಿದ್ದರೋ, ನಾನು ಅವರ ಬಾಯಿಯ ಕಡೆ ನೋಡದಿರುವುದನ್ನೇ ರೂಢಿ ಮಾಡಿಕೊಂಡಿದ್ದವಳು, ನೋಡಿರಲಿಲ್ಲ.

"ಭಾವ, ಇದು ನೋಡ್ರಿ" ಎಂದು ಹಾಳೆ ಮುಂದೆ ಮಾಡಿದೆ.

"ಏನದು? ತುಕ್ಕಾ?"

"ತುಕ್ಕಲ್ಲ. ಮೂಸಿ ನೋಡ್ರಿ."

ಬಗ್ಗಿ ಮೂಸಿದರು. "ಓ, ನಂದೇ" ಎಂದರು, ದೇವಸ್ಥಾನದ ಹೊರಗೆ ತಮ್ಮ ಚಪ್ಪಲಿ ಸಿಕ್ಕವರ ಹಾಗೆ.

"ನೀವು ಊದಿ ಊದಿ ಒಳಗೆ ಸೇರೈತೆ. ಅದಕ್ಕೇ ಬ್ಲೇಡು ತಿರುಗ್ತಿಲ್ಲ."

"ಒಂದು ಹನಿ ಉಗುಳು ಬಿದ್ದಿರ್ತೈತೆ. ಅಷ್ಟಕ್ಕೆ ಇಷ್ಟು ದೊಡ್ಡ ಮಷೀನು ಕೆಡ್ತೈತಾ?"

"ಕೆಟ್ಟೈತಲ್ರಿ."

ಅವರು ಹೊರಗೆ ಹೋಗಿ ಚಪ್ಪಡಿಯ ಮೇಲೆ ಉಗುಳಿ ಬಂದರು. ಅದೇ ಅವರ ಉತ್ತರ.

ಹೋಲ್ಡರನ್ನು ಪೆಟ್ರೋಲಿನಲ್ಲಿ ನೆನೆಸಿ ತೊಳೆದೆ. ಒಳಗಿನ ಸಣ್ಣ ಬೇರಿಂಗು ಕಿಲುಬು ಹಿಡಿದು ಹೋಗಿತ್ತು. ಜಗಳೂರಿನವರಿಂದಲೇ ಹೊಸದೊಂದನ್ನು ಬಸ್ಸಿಗೆ ಹಾಕಿಸಿ ತರಿಸಿದೆ. ಅಕ್ಷರ ನುಣ್ಣಗೆ ಬಂದವು. ಮಷೀನಿನ ಪಕ್ಕ ಒಂದು ಮೆತ್ತನೆಯ ಬ್ರಷ್ಷು ದಾರ ಕಟ್ಟಿ ತೂಗು ಹಾಕಿ, "ಭಾವ, ಚೂರು ಸಿಕ್ಕಿದ್ರೆ ಇದರಲ್ಲಿ ಒರೆಸ್ರಿ. ಊದಬ್ಯಾಡ್ರಿ" ಎಂದೆ. "ಹೂನಮ್ಮ" ಎಂದರು. ಆ ವಾರ ಕಳೆಯುವ ಮುಂಚೆಯೇ ಅವರು ಮತ್ತೆ ಊದುವುದನ್ನು ನೋಡಿದೆ. ಬ್ರಷ್ಷು ಅವರ ಕಿವಿಯ ಪಕ್ಕದಲ್ಲೇ ತೂಗುತ್ತಿತ್ತು.

ನನಗೆ ಮೈ ಉರಿಯಿತು. ಹೋಲ್ಡರ್ ಬಿಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ಸಂಜೆ ಗಂಡ ಬಂದ ಮೇಲೆ ಹೇಳಿದೆ. "ಅಣ್ಣಗೆ ನಾನೆಂಗೆ ಹೇಳಾಕೆ ಆಗ್ತೈತೆ? ನೀನೇ ಅಕ್ಕಗೆ ಹೇಳು" ಎಂದು ಅವರು ಸಾಕ್ಸು ಬಿಚ್ಚುತ್ತ ಅಂದರು. ಇಡೀ ದಿನ ಬಸ್ಸಿನಲ್ಲಿ ಚಿಲ್ಲರೆಗಾಗಿ ಜನರ ಮೇಲೆ ಕೂಗಾಡುವ ಗಂಡಸು ಅಣ್ಣನ ವಿಷಯಕ್ಕೆ ಹೀಗೆ.

ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಪಕ್ಕದ ಮನೆಯೇ ಅವರದು. ಹೋದಾಗ ಅಡುಗೆಮನೆಯಲ್ಲಿ ಕೂತು ಅನ್ನಕ್ಕೆ ಹಾಲು ಹಾಕಿ ಕೈಯಲ್ಲಿ ನುಣ್ಣಗೆ ಕಲಸುತ್ತಿದ್ದರು.

"ಯಾರಿಗಕ್ಕ ಅದು? ಮಕ್ಕಳು ಬಂದಾರಾ?"

"ನಿಮ್ಮ ಭಾವಗೆ."

"ಯಾಕೆ, ಜ್ವರನಾ?"

ಅಕ್ಕ ಕಲಸುವುದು ನಿಲ್ಲಿಸಲಿಲ್ಲ. "ಬಾಯಿ ತೆರೆಯಾಕೆ ಬರಲ್ಲ ಅವರಿಗೆ. ಎರಡು ಬೆರಳು ಹೋಗಲ್ಲ ಒಳಗೆ. ಖಾರ ತಗುಲಿದ್ರೆ ಉರೀತೈತೆ ಅಂತಾರೆ. ಮುದ್ದೆ ಬಿಟ್ಟು ಯಾವ ಕಾಲ ಆತು. ಹಬ್ಬದಾಗ ಹೋಳಿಗೇನ ಚೂರು ಚೂರು ಮಾಡಿ ಒಳಗೆ ತೂರಿಸಿಕೊಂಡು ತಿಂದ್ರಲ್ಲ, ನಿನ್ನ ಎದುರಿಗೇ ಕೂತಿದ್ರು."

"ನಾನು ನೋಡ್ಲಿಲ್ಲ."

"ನೀನು ಅವರು ಊಟ ಮಾಡೋವಾಗ ಗೋಡೆ ನೋಡ್ತೀಯಲ್ಲ" ಎಂದರು ಅಕ್ಕ. ಆಕ್ಷೇಪಣೆಯ ದನಿ ಇರಲಿಲ್ಲ. ಇದ್ದ ವಿಷಯ ಹೇಳಿದರು.

ಹೇಳಲು ಹೋದದ್ದನ್ನು ಹೇಳದೆ ಬಂದೆ. ಪಾಕೀಟು ತಟ್ಟಿ ತಟ್ಟಿ ಬೀಳಿಸಿಕೊಳ್ಳುತ್ತಿದ್ದದ್ದು, ಮಾತು ತೊದಲುತ್ತಿದ್ದದ್ದು, ಊದಿದರೆ ಗಾಳಿಯ ಬದಲು ಉಗುಳು ಸಿಡಿಯುತ್ತಿದ್ದದ್ದು, ಎಲ್ಲದಕ್ಕೂ ಅರ್ಥ ಸಿಕ್ಕಿತು. ಆ ರಾತ್ರಿ ನನಗೆ ಬಂದದ್ದು ಕರುಣೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಬಾಯಿಯ ಒಳಗು ಕಣ್ಣ ಮುಂದೆ ಬಂದು ಹೇಸಿಗೆ ಇನ್ನೂ ಹೆಚ್ಚಾಯಿತು. ಅದರ ಜೊತೆಗೆ ಹೆದರಿಕೆ ಸೇರಿತು, ಅಷ್ಟೇ.

ಮಾರನೇ ದಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಅವರೆದುರು ಹೋಗಿ ನಿಂತೆ.

"ಭಾವ, ಬಾಯಿ ತೆಗೀರಿ. ನೋಡ್ಬೇಕು."

ತಮ್ಮನ ಹೆಂಡತಿ ಭಾವನಿಗೆ ಹೇಳುವ ಮಾತಲ್ಲ ಅದು. ಅವರು ಗೋಡೆಯ ಕಡೆ ತಿರುಗಿಕೊಂಡರು. ನಾನು ಹೋಗಲಿಲ್ಲ. ಕಡೆಗೆ ಅವರೇ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ ಬಾಯಿ ತೆರೆದರು. ತೆರೆದರು ಎಂದರೆ ಒಂದು ಹೆಬ್ಬೆರಳು ತೂರುವಷ್ಟು. ನಾನು ಉಸಿರು ಬಿಗಿಹಿಡಿದು ಮೊಬೈಲಿನ ಟಾರ್ಚು ಹಾಕಿದೆ. ಹಲ್ಲುಗಳು ಕರ್ರಗಿದ್ದವು. ಒಸಡು ಹಲ್ಲಿನಿಂದ ಬಿಟ್ಟುಕೊಂಡಿತ್ತು. ಕೆನ್ನೆಯ ಒಳಗು ಕೆಂಪಗಿರಬೇಕಾದದ್ದು ಮೇಣದಬತ್ತಿಯ ಹಾಗೆ ಬೆಳ್ಳಗೆ, ಗಟ್ಟಿಯಾಗಿತ್ತು. ಒಂದು ಕಡೆ ಹುಣ್ಣು. ವಾಸನೆಗೆ ಕಣ್ಣಲ್ಲಿ ನೀರು ಬಂತು. ಆದರೂ ಪೂರ್ತಿ ನೋಡಿದೆ.

"ದಾವಣಗೆರೆಗೆ ಹೋಗಿ ತೋರಿಸೋಣ ರೀ."

"ಬ್ಯಾಡ."

"ಯಾಕೆ?"

ಅವರು ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡರು. ಆಮೇಲೆ "ಡಾಕ್ಟ್ರು ಹೆಸರು ಹೇಳಿಬಿಡ್ತಾರೆ" ಎಂದರು. ಯಾವ ಹೆಸರು ಎಂದು ಕೇಳಬೇಕಾಗಿರಲಿಲ್ಲ.

ಅಕ್ಕ ಮತ್ತು ನಾನು ಸೇರಿ ಅವರನ್ನು ಕರೆದೊಯ್ದೆವು. ಅವರು ಹೆದರಿದ್ದ ಹೆಸರನ್ನು ಡಾಕ್ಟರು ಹೇಳಲಿಲ್ಲ. ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಅದರಲ್ಲಿ ಏನೂ ಕಾಣಲಿಲ್ಲ. ಆದರೆ ದಾರಿ ಅದೇ, ಗುಟ್ಕಾ ನಿಲ್ಲಿಸದಿದ್ದರೆ ಅಲ್ಲಿಗೇ ಹೋಗಿ ಮುಟ್ಟುತ್ತೀರಿ ಎಂದರು. ಕೆನ್ನೆಗೆ ಇಂಜೆಕ್ಷನ್ ಕೊಟ್ಟರು. ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು, ಬಾಯಿ ಸಡಿಲವಾದ ಹಾಗೆ ಒಂದೊಂದೇ ಕಡ್ಡಿ ಸೇರಿಸುತ್ತ ಹೋಗಬೇಕು ಎಂದು ತೋರಿಸಿಕೊಟ್ಟರು.

ಗುಟ್ಕಾ ನಿಂತಿತು. ನನ್ನ ಹೇಸಿಗೆ ನಿಲ್ಲಲಿಲ್ಲ. ಭಾವ ಕಡ್ಡಿಗಳನ್ನು ಕಚ್ಚಿಕೊಂಡು ಅಂಗಡಿಯಲ್ಲೇ ಕೂರುತ್ತಿದ್ದರು. ಬಾಯಿ ಮುಚ್ಚಲಾಗದೆ ಜೊಲ್ಲು ಗಲ್ಲದವರೆಗೆ ಇಳಿಯುತ್ತಿತ್ತು. ಟವೆಲ್ಲಿನಲ್ಲಿ ಒರೆಸಿಕೊಂಡು, ಅದನ್ನು ತಂದು ನಾನು ರೇಡಿಯಂ ಸುರುಳಿ ಇಡುವ ಮೇಜಿನ ಮೇಲೆ ಹಾಕುತ್ತಿದ್ದರು. ತಂಬಾಕಿಲ್ಲದೆ ಸಿಡಿಮಿಡಿಗುಟ್ಟಿ, ಅಳತೆ ಎರಡು ಸಲ ಹೇಳಿದ ಗಿರಾಕಿಗಳ ಮೇಲೆ ರೇಗುತ್ತಿದ್ದರು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದಾಗ ಅವರ ಸುತ್ತ ಆ ಹಳೆಯ ಸಿಹಿ ವಾಸನೆ ಇತ್ತು.

"ಭಾವ, ವಾಸನೆ ಬರ್ತೈತೆ" ಎಂದೆ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಅವರು ಎದ್ದು ಹಿಂದಿನ ನಲ್ಲಿಗೆ ಹೋದರು. ಬಹಳ ಹೊತ್ತು ನೀರಿನ ಸದ್ದು ಕೇಳಿಸಿತು. ಹೋಲ್ಡರನ್ನು ನಾನು ಈಗಲೂ ದಿನಾ ಸಂಜೆ ಬಿಚ್ಚಿ ಒಳಗೆ ನೋಡಿಯೇ ಮನೆಗೆ ಹೋಗುತ್ತೇನೆ.

ಆಸ್ಪತ್ರೆಯ ಓಡಾಟದಲ್ಲಿ ಬಾಕಿ ಉಳಿದಿದ್ದ ಸಾಹೇಬರ ಅಕ್ಷರಗಳನ್ನು ಹೊಸ ರೇಡಿಯಂನಲ್ಲಿ ಕತ್ತರಿಸಿ ಹೊನ್ನಾಳಿಗೆ ಒಯ್ದೆವು. ಯಾವತ್ತೂ ಅಂಟಿನಡಿ ಗಾಳಿ ಉಳಿಸದ ಭಾವ ಅವತ್ತು "ಬ"ದ ಹೊಟ್ಟೆಯಲ್ಲಿ ಒಂದು ಗುಳ್ಳೆ ಬಿಟ್ಟರು. ಸೂಜಿಯಲ್ಲಿ ಚುಚ್ಚಿ, ಹೆಬ್ಬೆರಳಿನಿಂದ ಒತ್ತಿ ಸರಿ ಮಾಡಿದರು. ಹೆಬ್ಬೆರಳಿನ ಕೆಂಪು ಬಹಳಷ್ಟು ಮಾಸಿತ್ತು. ಸಾಹೇಬರು ಗಾಜಿನ ಹತ್ತಿರ ಬಂದು "ಳ"ದ ಸುತ್ತ ಬೆರಳು ಓಡಿಸಿ, "ಇದು ಆತು ನೋಡಮ್ಮ" ಎಂದರು. ಭಾವನ ಕಡೆ ತಿರುಗಿ "ಏನ್ರಿ, ಇವತ್ತು ಬಾಯಿ ಖಾಲಿ?" ಎಂದು ಕೇಳಿದರು. ಭಾವ ತಲೆಯಾಡಿಸಿದರು.

ಹೋದ ತಿಂಗಳು ಸಾಸ್ವೆಹಳ್ಳಿಯಲ್ಲಿ ಒಂದು ಟ್ರ್ಯಾಕ್ಟರಿನ ಟ್ರೇಲರಿಗೆ ಹೆಸರು ಅಂಟಿಸಲು ಭಾವನ ಬೈಕಿನಲ್ಲಿ ಹೋಗಿದ್ದೆವು. ಕೆಲಸ ಮುಗಿದ ಮೇಲೆ ರಸ್ತೆ ಬದಿಯ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತೆಗೆದುಕೊಂಡೆವು. ಅವರ ಬಾಯಿ ಈಗ ಎರಡು ಬೆರಳು ತೂರುವಷ್ಟು ತೆರೆಯುತ್ತದೆ. ಅದಕ್ಕಿಂತ ಹೆಚ್ಚಿಗೆ ಆಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮಿರ್ಚಿ ಉರಿಯುತ್ತದೆ ಎಂದು ಅದನ್ನು ನನ್ನ ತಟ್ಟೆಗೆ ಹಾಕಲು ಬಂದರು. ಅವರ ಬೆರಳು ಆಗಲೇ ಬಾಯಿಗೆ ಹೋಗಿ ಬಂದಿದ್ದವು.

"ಬ್ಯಾಡ್ರಿ ಭಾವ" ಎಂದೆ.

ಅವರು ಅದನ್ನು ವಾಪಸು ತಮ್ಮ ತಟ್ಟೆಯ ಅಂಚಿಗೆ ಇಟ್ಟುಕೊಂಡು, ಮಂಡಕ್ಕಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು ತಿನ್ನತೊಡಗಿದರು. ಒಂದಷ್ಟು ಕಾಳು ತುಟಿಯಿಂದ ಜಾರಿ ಮೇಜಿನ ಮೇಲೆ ಬಿದ್ದವು. ಬಿದ್ದದ್ದನ್ನು ಆರಿಸಿ ಮತ್ತೆ ಬಾಯಿಗೆ ಹಾಕಿಕೊಂಡರು. ನಾನು ನನ್ನ ತಟ್ಟೆ ಎತ್ತಿಕೊಂಡು ಆಚೆ ಕಡೆಯ ಬೆಂಚಿಗೆ ಹೋಗಿ ಕೂತೆ. ಅವರು ಒಂದು ಸಲ ನೋಡಿದರು. ಎದ್ದು ಹೋಗಿ ಇಬ್ಬರದ್ದೂ ದುಡ್ಡು ಕೊಟ್ಟು, ಬೈಕು ಸ್ಟಾರ್ಟು ಮಾಡಿ, ನಾನು ತಿಂದು ಮುಗಿಸುವವರೆಗೂ ಕಾಯುತ್ತಿದ್ದರು.